ಕೊರಿಯಾದ ಕೆಂಡದೂಟಕ್ಕೆ ದೊಡ್ಡಮ್ಮನ ಕಿವಿಮಾತು

ಕೊರಿಯನ್ ಸೀರಿಯಲ್ ನೋಡಿ ನೋಡಿ ಈಗ ನಮ್ಮ ಮೂಡಿಗೆರೆ ಕಡೆಯ ಎಸ್ಟೇಟ್ ಮನೆಗಳಲ್ಲೂ ಹುಡುಗರು ಮೇಜಿನ ಮೇಲೆ ಒಲೆ ಇಟ್ಟುಕೊಂಡು ಮಾಂಸ ಸುಡಲು ಹೊರಟಿದ್ದಾರೆ. ಮಾಡಿ, ಬೇಡ ಅನ್ನಲ್ಲ. ಹಂದಿಯೂ ಕೆಂಡವೂ ನಮಗೆ ಹೊಸದಲ್ಲ. ಮನೆಯವರೂ ನೆಂಟರ ಜೊತೆಗೇ ಕೂತು ಉಣ್ಣಬೇಕು ಅನ್ನುವುದಷ್ಟೇ ಹೊಸದು. ಅದಕ್ಕೇ ಮಗಳೇ, ಈ ಊಟದ ಕೆಲಸವೆಲ್ಲ ನೆಂಟರು ಬರುವ ಮೊದಲೇ ಮುಗಿದಿರಬೇಕು.

• ಮಾಂಸದಂಗಡಿಯಲ್ಲಿ ಮೊದಲೇ ಹೇಳಿಡು. ಸುಮ್ಮನೆ "ಎರಡು ಕೆ.ಜಿ. ಹಂದಿ" ಅಂದರೆ ಸಾರಿಗೆ ಕೊಚ್ಚಿದಂತೆ ಕೊಚ್ಚಿ ಕೊಡುತ್ತಾರೆ. ನಿನಗೆ ಬೇಕಾದ್ದು ಹೊಟ್ಟೆ ಭಾಗ, ಕೊಬ್ಬೂ ಮಾಂಸವೂ ಪದರ ಪದರವಾಗಿರುವ ಇಡೀ ಪಟ್ಟಿ. ಅವರ ಸಂಗ್ಯೊಪ್ಸಾಲ್ ಅದೇ. ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟು, ಅರೆಗಟ್ಟಿಯಾದಾಗ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿ. ಕೊರಿಯಾದ ಹೋಟೆಲುಗಳಲ್ಲಿ ಒಬ್ಬರಿಗೆ ಸುಮಾರು 200 ಗ್ರಾಂ. ನಮ್ಮವರಿಗೆ 300 ಹಿಡಿ. ಜೆಜು ದ್ವೀಪದಲ್ಲಿ ಚರ್ಮದ ಸಮೇತ ಸುಡುತ್ತಾರೆ. ನೀನು ಚರ್ಮ ತೆಗೆದಿಟ್ಟು ಮಾರನೇ ದಿನ ಕಡುಬಿನ ಜೊತೆಗೆ ಸಾರು ಮಾಡು.

• ಮಸಾಲೆ ಅರೆಯಲು ಹೋಗಬೇಡ, ಉಪ್ಪು ಸಾಕು. ಸೋಯಾ ಸಾಸಿನಲ್ಲಿ ನೆನೆಸುವುದು ಬುಲ್ಗೋಗಿ ಅನ್ನುವ ಅವರ ಇನ್ನೊಂದು ಅಡುಗೆಗೆ. ಮಾಂಸ ಮೆತ್ತಗಾಗಲೆಂದು ಅದಕ್ಕೆ ಅವರು ಪೇರ್ ಹಣ್ಣು ತುರಿದು ಹಾಕುತ್ತಾರೆ. ನೀನು ಬುಲ್ಗೋಗಿ ಮಾಡುವುದಾದರೆ ಪೇರ್ ಬದಲು ಒಂದು ಚಮಚ ಪಪ್ಪಾಯಿಕಾಯಿ ತುರಿ ಹಾಕು. ಹೆಚ್ಚಾದರೆ ಮಾಂಸ ಹಿಟ್ಟಾಗುತ್ತದೆ.

• ಇದ್ದಿಲನ್ನು ಮನೆಯೊಳಗೆ ತರಲೇಬೇಡ. ನಮ್ಮ ಕಳಸದ ಕಡೆಯ ಮಳೆಗೆ ಕಿಟಕಿ ಬಾಗಿಲೆಲ್ಲ ಮುಚ್ಚಿರುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣದಿದ್ದರೂ ಜೀವ ತೆಗೆಯುತ್ತದೆ. ಒಳಗೆ ಮಾಡುವುದಾದರೆ ಇಂಡಕ್ಷನ್ ಒಲೆ, ಅದರ ಮೇಲೆ ಕಬ್ಬಿಣದ ಕಾವಲಿ. ಸಣ್ಣ ಡಬ್ಬಿ ಗ್ಯಾಸಿನ ಒಲೆಯಾದರೆ, ಡಬ್ಬಿಯ ಮೇಲಕ್ಕೆ ಚಾಚುವಷ್ಟು ದೊಡ್ಡ ಕಾವಲಿ ಇಡಬೇಡ. ಕಾವಿಗೆ ಡಬ್ಬಿ ಸಿಡಿಯುತ್ತದೆ. ಕೊಬ್ಬಿಗೆ ಬೆಂಕಿ ಹತ್ತಿಕೊಂಡರೆ ನೀರು ಎರಚದೆ ತಟ್ಟೆ ಮುಚ್ಚು.

• ಹೊರಗಾದರೆ ಸಿಮೆಂಟಿನ ಕಣವೇ ಸರಿಯಾದ ಜಾಗ. ಕಾಫಿ ಒಣಗಲು ಹರವಿದ್ದರೆ ಮಾತ್ರ ಆ ಕಡೆ ತಲೆ ಹಾಕಬೇಡ, ಕಾಫಿ ಹೊಗೆಯ ವಾಸನೆ ಬೇಗ ಹೀರುತ್ತದೆ. ಕೊರಿಯಾದವರು ಮಾರ್ಚ್ 3ನ್ನು ಈ ಹೊಟ್ಟೆ ಮಾಂಸದ ದಿನವೆಂದೇ ಆಚರಿಸುತ್ತಾರೆ. ನಮ್ಮಲ್ಲಿ ಅದು ತರಗೆಲೆ ಒಣಗಿ ಗರಿಗರಿಯಾಗಿರುವ ಕಾಲ. ಗಾಳಿಯಿದ್ದರೆ ಅಂದು ಕೆಂಡ ಹಚ್ಚದಿರುವುದೇ ಒಳ್ಳೆಯದು.

• ಸುತ್ತಿ ತಿನ್ನಲು ಲೆಟ್ಯೂಸ್ ಎಲೆ. ಅವರು ಹಾಕುವ ಪೆರಿಲ್ಲಾ ಎಲೆ ಇಲ್ಲಿ ಸಿಗುವುದಿಲ್ಲ. ಅದರ ಬದಲು ದೊಡ್ಡಪತ್ರೆಯ ಅರ್ಧ ಎಲೆ ಇಡು, ಪೂರ್ತಿ ಇಟ್ಟರೆ ಕಷಾಯ ಕುಡಿದ ಹಾಗಿರುತ್ತದೆ. ಬೆಂಗಳೂರಿನ ಗೆಳತಿಯರು ತೋಟದ ಕೆಸುವಿನೆಲೆ ಕಿತ್ತು ತಂದಾರು, ಹುಷಾರು! ಹಸಿ ಕೆಸು ಗಂಟಲು ಕೆರೆಸುತ್ತದೆ.

• ಆ ಎಲೆಗಳನ್ನು ಒಂದೊಂದಾಗಿ ಹರಿಯುವ ನೀರಿನಲ್ಲಿ ತೊಳೆ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ. ಆದರೆ ಮಿದುಳಿಗೆ ಹೋಗಿ ಫಿಟ್ಸ್ ತರಿಸುವುದು ಅದರ ಮೊಟ್ಟೆಯೊಡೆದು ಬಂದ ಮರಿ, ಆ ಮೊಟ್ಟೆ ಬರುವುದು ಗಲೀಜು ನೀರು, ತೊಳೆಯದ ಸೊಪ್ಪಿನಿಂದ. ಹಸಿ ಮಾಂಸಕ್ಕೊಂದು ಇಕ್ಕಳ, ಬೆಂದದ್ದಕ್ಕೆ ಇನ್ನೊಂದು. ಕತ್ತರಿಸಲು ಅಡುಗೆಮನೆಯ ಕತ್ತರಿ.

• ನಂಚಿಕೊಳ್ಳಲು ಅವರ ಕಿಮ್ಚಿಯನ್ನು ಒಂದು ವಾರ ಮುಂಚೆಯೇ ಹಾಕಿಡು. ಸಂತೆಯ ಎಲೆಕೋಸು ಆಗುತ್ತದೆ. ಹುಳಿ ಬರುವಾಗ ಗ್ಯಾಸ್ ಕಟ್ಟುತ್ತದೆ, ದಿನಾ ಮುಚ್ಚಳ ಸಡಿಲಿಸು. ಅದರಲ್ಲಿ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಸಿಗಡಿ ಇರುತ್ತದೆ. ಸಸ್ಯಾಹಾರಿಗಳಿಗೆ ಬೇರೆಯೇ ಮಾಡು. ಕೊರಿಯನ್ ನೂಡಲ್ಸ್, ಸಾಸುಗಳ ಚೀಟಿಯನ್ನೂ ಓದು, ಕೆಲವದರಲ್ಲಿ ದನದ ಮಾಂಸದ ಸತ್ವ ಇರುತ್ತದೆ. ತಿನ್ನದವರಿಗೆ ಗೊತ್ತಿಲ್ಲದೆ ಬಡಿಸುವುದು ದ್ರೋಹ.

• ಸಸ್ಯಾಹಾರಿಗಳಿಗೆ ಕಾವಲಿಯೂ ಬೇರೆ, ಮೇಜೂ ಬೇರೆ. ಬೇಯಿಸಿಟ್ಟ ಎಳೆ ಹಲಸಿನಕಾಯಿ, ಗೆಣಸು, ಅಂಗಡಿಯ ಅಣಬೆ. ಕಾಡಿನ ಅಣಬೆ ಗುರುತಿಲ್ಲದಿದ್ದರೆ ಮುಟ್ಟಬೇಡ.

• ಕೊರಿಯಾದಲ್ಲಿ ಹಿರಿಯರು ತಿನ್ನಲು ಶುರು ಮಾಡುವವರೆಗೆ ಕಿರಿಯರು ಕಾಯುತ್ತಾರೆ, ಹಿರಿಯರ ಲೋಟಕ್ಕೆ ಎರಡೂ ಕೈಯಿಂದ ಸುರಿಯುತ್ತಾರೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು, ಯಾಕೆಂದು ಕೇಳಬೇಡ.

• ಇಕ್ಕಳ ಸರದಿಯಲ್ಲಿ ಓಡಾಡಲಿ. ನಮ್ಮ ಮನೆಗಳಲ್ಲಿ ಬಡಿಸಿದವಳು ಕೊನೆಗೆ, ಆರಿದ್ದು ಉಣ್ಣುವುದೇ ರೂಢಿ. ಈ ಊಟದಲ್ಲೂ ನೀನು ಹಾಗೆ ನಿಂತೇ ಇದ್ದರೆ ಇಷ್ಟು ಖರ್ಚು ದಂಡ. ನಿನ್ನ ಗಂಡನೂ ಸುಡಲು ಕಲಿಯಲಿ.

• ಕರಗಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡ, ಪೈಪು ಕಟ್ಟುತ್ತದೆ. ಕೆಂಡಕ್ಕೆ ನೀರು ಹೊಯ್ದು, ಕೆದಕಿ, ಇನ್ನೊಮ್ಮೆ ಹೊಯ್ದು ಪೂರ್ತಿ ಆರಿದ ಮೇಲೆಯೇ ಮಲಗಲು ಹೋಗಿ.