ಕಣ್ಣು ಚೆಂಡಿಗಿಂತ ಮುಂದೆ

ಶಾಲೆಯ ಮೈದಾನದಲ್ಲಿ ಮ್ಯಾಟು ಹಾಸಿ ಹುಡುಗರಿಗೆ ಬ್ಯಾಟಿಂಗ್ ಕಲಿಸುತ್ತಾ ಬಂದವನು ನಾನು. ಆ ಮೈದಾನದಲ್ಲಿ ನಾನೇ ಕಲಿತದ್ದು ಇಷ್ಟು.

1. ‘ಬಾಲ್ ಮೇಲಿಂದ ಕಣ್ಣು ತೆಗೀಬೇಡ’ ಎಂದು ನೆಟ್ ಹಿಂದೆ ನಿಂತು ವರ್ಷಗಟ್ಟಲೆ ಕೂಗಿದ್ದೇನೆ. ಈಗ ಕೂಗುವುದಿಲ್ಲ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯೋಡ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಬೇರೆ ಬೇರೆ ಮಟ್ಟದ ಮೂವರು ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು 2000ರಲ್ಲಿ ಪ್ರಕಟಿಸಿದರು. ಯಾರ ಕಣ್ಣೂ ಚೆಂಡನ್ನು ಉದ್ದಕ್ಕೂ ಹಿಂಬಾಲಿಸಿರಲಿಲ್ಲ. ಚೆಂಡು ಹೊರಡುವುದನ್ನು ನೋಡಿದ ಕಣ್ಣು, ಅದು ನೆಲಕ್ಕೆ ಬೀಳುವ ಜಾಗಕ್ಕೆ ಮೊದಲೇ ನೆಗೆದು ಅಲ್ಲಿ ಕಾಯುತ್ತಿತ್ತು. ನುರಿತವನ ಕಣ್ಣು ಬೇಗ ನೆಗೆಯುತ್ತಿತ್ತು. ವ್ಯತ್ಯಾಸ ಇದ್ದದ್ದೇ ಅಲ್ಲಿ! ಹಾಗಾಗಿ ಈಗ ಹೊಸ ಹುಡುಗರಿಗೆ ಮೊದಲ ವಾರ ಹೊಡೆಯಲು ಬಿಡುವುದಿಲ್ಲ. ನಾನು ಎಸೆದ ಚೆಂಡು ನೆಲ ಮುಟ್ಟುವ ಮೊದಲೇ ‘ಹತ್ತಿರ’, ‘ದೂರ’ ಎಂದು ಅವರು ಕೂಗಬೇಕು, ಅಷ್ಟೆ.

2. ಒಮ್ಮೆ ಮೊಳೆ ಕಿತ್ತು ಮ್ಯಾಟು ಮಡಿಕೆ ಬಿದ್ದಿತ್ತು. ಚೆಂಡು ಅಲ್ಲಿ ಬಿದ್ದು ಒಳಗೆ ತಿರುಗಿ ಹುಡುಗನ ಮಣಿಕಟ್ಟಿಗೆ ಬಡಿಯಿತು. ‘ನೋಡ್ಕೊಂಡು ಆಡೋ’ ಎಂದು ಗದರಿದೆ. ‘ನೋಡ್ದೆ ಸರ್, ಅಷ್ಟೊತ್ತಿಗೆ ಕೈ ಹೋಗ್ಬಿಟ್ಟಿತ್ತು’ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಇದೇ ಮೆಕ್‌ಲಿಯೋಡ್ 1987ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಮ್ಯಾಟಿನ ಕೆಳಗೆ ಮರದ ಕಡ್ಡಿಗಳನ್ನಿಟ್ಟು ಚೆಂಡು ಎತ್ತಲೋ ತಿರುಗುವಂತೆ ಮಾಡಿದ್ದರು. ಬಿದ್ದ ಮೇಲಿನ ಸುಮಾರು 0.2 ಸೆಕೆಂಡಿನಲ್ಲಿ ಅಂತರರಾಷ್ಟ್ರೀಯ ಆಟಗಾರರಿಗೂ ಬ್ಯಾಟಿನ ದಾರಿ ಬದಲಿಸಲು ಆಗಲಿಲ್ಲ. ಆ ಹುಡುಗನನ್ನು ಗದರಿದ್ದಕ್ಕೆ ಇಂದಿಗೂ ನೋವಿದೆ. ಅಂದಿನಿಂದ ಮ್ಯಾಟು ಎಳೆದು ಮೊಳೆ ಹೊಡೆಯುವ ಕೆಲಸವನ್ನು ಯಾರಿಗೂ ಬಿಟ್ಟಿಲ್ಲ.

3. ಎತ್ತರದ ಕ್ಯಾಚಿಗೆ ನಿಂತು ಲೆಕ್ಕ ಹಾಕಬಾರದು, ಓಡುತ್ತಲೇ ನೋಡಬೇಕು. ಚೆಂಡು ನೋಡಲು ಎತ್ತಿದ ಮುಖ ಏರುತ್ತಲೇ ಇರಬೇಕು, ಆದರೆ ಚೆಂಡು ನೆತ್ತಿ ದಾಟಬಾರದು. ದಾಟುವಂತಿದ್ದರೆ ಹಿಂದಕ್ಕೆ, ಮುಖ ಇಳಿಯುವಂತಿದ್ದರೆ ಮುಂದಕ್ಕೆ. ಎಲ್ಲಿ ಬೀಳುತ್ತದೆಂದು ಬಾಯಲ್ಲಿ ಹೇಳಲಾರದ ಹುಡುಗರೂ ಹೀಗೆ ಓಡಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಾರೆ.

4. ನಮ್ಮ ಬೌಲರನ ಹಿಂದೆ ಕೆಂಪು ಕಲ್ಲಿನ ಕಾಂಪೌಂಡು. ಕೆಂಪು ಚೆಂಡು ಅದರಲ್ಲಿ ಕರಗಿಹೋಗುತ್ತಿತ್ತು, ಹುಡುಗರ ಕಾಲು ಕ್ರೀಸಿಗೆ ಅಂಟಿಕೊಂಡಿತ್ತು. ಕಾಲಿನ ದೋಷವೆಂದು ಎಷ್ಟೋ ದಿನ ತಿದ್ದಿದೆ. ಕೊನೆಗೆ ಗೋಡೆಗೆ ಹಳೆಯ ಬಿಳಿ ಪಂಚೆ ಕಟ್ಟಿದೆ. ಅದೇ ಸಂಜೆ ಕಾಲು ಮುಂದೆ ಬಂತು.