ಪ್ರವಾಸಿಗರ ಎಣಿಕೆ ಮತ್ತು ಪ್ರವಾಸೋದ್ಯಮ ಸೂಚ್ಯಂಕ

ಪ್ರವಾಸಿ ಯಾರು?
• ದಿನನಿತ್ಯದ ಪರಿಸರ ಬಿಟ್ಟು ಹೋಗಿ ಕನಿಷ್ಠ ಒಂದು ರಾತ್ರಿ ತಂಗುವವರು. ಅವಧಿ ಒಂದು ವರ್ಷದೊಳಗಿರಬೇಕು.
• ಬೆಂಗಳೂರಿನಿಂದ ಹೊರಟು ಮೈಸೂರು ಅರಮನೆ ನೋಡಿ ಅಂದೇ ಮರಳಿದವರು ‘ಒಂದು ದಿನದ ಸಂದರ್ಶಕರು’.

ಎಣಿಕೆಯ ಮೂಲಗಳು
• ವಿದೇಶಿ ಪ್ರವಾಸಿಗರು: ಬ್ಯೂರೋ ಆಫ್ ಇಮಿಗ್ರೇಷನ್ ದಾಖಲೆ. ಭಾರತಕ್ಕೆ 2019ರಲ್ಲಿ 1.09 ಕೋಟಿ, 2023ರಲ್ಲಿ ಸುಮಾರು 95 ಲಕ್ಷ ಆಗಮನ.
• ಇದಕ್ಕೆ ಅನಿವಾಸಿ ಭಾರತೀಯರ ಆಗಮನ ಕೂಡಿಸಿದರೆ ‘ಅಂತರರಾಷ್ಟ್ರೀಯ ಪ್ರವಾಸಿ ಆಗಮನ’.
• ದೇಶೀಯ ಪ್ರವಾಸಿಗರು: ರಾಜ್ಯ ಪ್ರವಾಸೋದ್ಯಮ ಇಲಾಖೆಗಳು ನೀಡುವ ಅಂಕಿಅಂಶ.
• ಮೊಬೈಲ್ ಸ್ಥಳ ದತ್ತಾಂಶವನ್ನು ಅಧಿಕೃತ ಲೆಕ್ಕಕ್ಕೆ ಬಳಸಿದ ಮೊದಲಿಗರಲ್ಲಿ ಎಸ್ಟೋನಿಯಾ ಒಂದು.

ಗಮನಿಸಿ: ಎಣಿಸುವುದು ಭೇಟಿಗಳನ್ನು, ವ್ಯಕ್ತಿಗಳನ್ನಲ್ಲ. ಒಬ್ಬರೇ ವರ್ಷದಲ್ಲಿ ಮೂರು ಸಲ ಬಂದರೆ ಮೂರು ಆಗಮನ.

ಶ್ರೇಯಾಂಕ
• ಆಗಮನದಲ್ಲಿ ಫ್ರಾನ್ಸ್ ಪ್ರಥಮ (2023ರಲ್ಲಿ ಸುಮಾರು 10 ಕೋಟಿ), ಸ್ಪೇನ್ ದ್ವಿತೀಯ. ಆದಾಯದಲ್ಲಿ ಅಮೆರಿಕ ಪ್ರಥಮ. ಹೆಚ್ಚು ಜನ ಬಂದಲ್ಲೇ ಹೆಚ್ಚು ಹಣ ಎಂದೇನಿಲ್ಲ.
• ಪ್ರವಾಸ ಮತ್ತು ಪ್ರವಾಸೋದ್ಯಮ ಅಭಿವೃದ್ಧಿ ಸೂಚ್ಯಂಕ 2024: ಪ್ರಕಟಣೆ ವಿಶ್ವ ಆರ್ಥಿಕ ವೇದಿಕೆ, 119 ದೇಶಗಳು. ಮೊದಲ ಮೂರು ಅಮೆರಿಕ, ಸ್ಪೇನ್, ಜಪಾನ್; ಭಾರತಕ್ಕೆ 39ನೇ ಸ್ಥಾನ. ಇದು ಪ್ರವಾಸಿಗರ ಸಂಖ್ಯೆಯನ್ನಲ್ಲ, ಸುರಕ್ಷತೆ, ಸಾರಿಗೆ, ದರ, ನೈಸರ್ಗಿಕ ಹಾಗೂ ಸಾಂಸ್ಕೃತಿಕ ಸಂಪನ್ಮೂಲ ಮುಂತಾದವನ್ನು ಅಳೆಯುತ್ತದೆ.

ನೆನಪಿಡಿ
• ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಕೇಂದ್ರ ಕಚೇರಿ: ಮ್ಯಾಡ್ರಿಡ್.
• ವಿಶ್ವ ಪ್ರವಾಸೋದ್ಯಮ ದಿನ: ಸೆಪ್ಟೆಂಬರ್ 27 (1980ರಿಂದ).

ಮಾದರಿ ಪ್ರಶ್ನೆ: ಅನಿವಾಸಿ ಭಾರತೀಯರು ಯಾವ ಲೆಕ್ಕದಲ್ಲಿ ಸೇರುತ್ತಾರೆ?
ಉತ್ತರ: ಅಂತರರಾಷ್ಟ್ರೀಯ ಪ್ರವಾಸಿ ಆಗಮನ.