ಗೃಹಪ್ರವೇಶದ ನಂತರದ ಖರ್ಚು: ಮನೆ ಒಡೆತನದ ಲೆಕ್ಕಪಾಠ

ಪಾಠದ ಉದ್ದೇಶ: ಸ್ವಂತ ಮನೆಯ ನಿರ್ವಹಣಾ ವೆಚ್ಚವನ್ನು ಮುಂಚಿತವಾಗಿ ಅಂದಾಜಿಸಿ, ಅದಕ್ಕೆ ತಕ್ಕಂತೆ ಉಳಿತಾಯ ಮಾಡುವ ಕ್ರಮವನ್ನು ತಿಳಿಯುವುದು.

1. ಪೀಠಿಕೆ
ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ (ಗ್ರಾಮೀಣ) ಬಯಲು ಪ್ರದೇಶದ ಫಲಾನುಭವಿಗೆ ದೊರೆಯುವ ನೆರವು 1.20 ಲಕ್ಷ ರೂ. ಉಳಿದ ಮೊತ್ತವನ್ನು ಕುಟುಂಬವು ಉಳಿತಾಯದಿಂದಲೋ ಸಾಲದಿಂದಲೋ ಭರಿಸುತ್ತದೆ. ಈ ನೆರವು ಮನೆ ಕಟ್ಟುವುದಕ್ಕೆ ಮಾತ್ರ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಹೊಣೆ ಒಡೆಯನದೇ. ಬಾಡಿಗೆ ತಪ್ಪಿತೆಂದು ಆ ಹಣವನ್ನೆಲ್ಲ ಸಾಲದ ಕಂತಿಗೆ ಮೀಸಲಿಟ್ಟ ಕುಟುಂಬವು, ಮಾಡು ಸೋರಿದಾಗ ಒಡವೆ ಅಡವಿಡಬೇಕಾಗುತ್ತದೆ.

2. ಕರಾವಳಿಯ ವಿಶೇಷ
ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗಿಲಾವು ಇಲ್ಲದ ಚಿರೆಕಲ್ಲಿನ ಗೋಡೆ ನೀರು ಹೀರುತ್ತದೆ. ಉಪ್ಪುಗಾಳಿಯಿಂದ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುವುದರಿಂದ ಸ್ಲ್ಯಾಬು ಬಿರುಕು ಬಿಡುತ್ತದೆ. ಹೆಂಚಿನ ಮನೆಯಲ್ಲಿ ಪಕಾಸಿ, ರೀಪುಗಳಿಗೆ ಗೆದ್ದಲಿನ ಬಾಧೆಯುಂಟು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ನದಿಗಳ ನೆರೆ ತೀರದ ಮನೆಗಳಿಗೆ ನುಗ್ಗಿದುದನ್ನೂ ಮರೆಯಲಾಗದು.

ಇನ್ನೊಂದು ಸಂಗತಿಯೂ ಗಮನಾರ್ಹ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮನೆ ಹೆಚ್ಚು ಖರ್ಚು ಕೇಳುವ ಕಾಲವೇ ಮೀನುಗಾರ ಕುಟುಂಬದ ಆದಾಯ ಕುಗ್ಗುವ ಕಾಲ.

3. ಲೆಕ್ಕದ ಕ್ರಮ
ಪ್ರತಿವರ್ಷ ಬರುವ ಖರ್ಚನ್ನು ಹಾಗೆಯೇ ಬರೆಯಬೇಕು. ಹಲವು ವರ್ಷಕ್ಕೊಮ್ಮೆ ಬರುವುದನ್ನು ಅಷ್ಟು ವರ್ಷಗಳಿಂದ ಭಾಗಿಸಬೇಕು. ಕೆಳಗಿನ ಅಂಕಿಗಳು ಕ್ರಮವನ್ನು ತಿಳಿಸಲು ಕಲ್ಪಿಸಿದವು. ಸ್ಥಳೀಯ ದರವನ್ನು ಮೇಸ್ತ್ರಿಯಿಂದ ಕೇಳಿ ತುಂಬಿಕೊಳ್ಳುವುದು.

ಅ) ವಾರ್ಷಿಕ ಖರ್ಚು
ಮನೆ ತೆರಿಗೆ, ನೀರಿನ ಕರ: 2,400 ರೂ.
ಹೆಂಚು ಬದಲಾವಣೆ, ದೋಣಿ–ಚರಂಡಿ ಸ್ವಚ್ಛತೆ: 4,800 ರೂ.
ವೈರಿಂಗ್, ನಲ್ಲಿ ದುರಸ್ತಿ: 2,400 ರೂ.
ಗೆದ್ದಲು ನಿವಾರಣೆ, ಇತರೆ: 2,400 ರೂ.
ಒಟ್ಟು: 12,000 ರೂ.

ಆ) ದೀರ್ಘಾವಧಿ ಖರ್ಚು
ಬಣ್ಣ, ಗಿಲಾವು (5 ವರ್ಷಕ್ಕೆ 30,000): ವರ್ಷಕ್ಕೆ 6,000 ರೂ.
ಬಾವಿಯ ಪಂಪು (7 ವರ್ಷಕ್ಕೆ 14,000): ವರ್ಷಕ್ಕೆ 2,000 ರೂ.
ಮಾಡಿನ ಮರ (12 ವರ್ಷಕ್ಕೆ 48,000): ವರ್ಷಕ್ಕೆ 4,000 ರೂ.
ಒಟ್ಟು: 12,000 ರೂ.

ಎರಡೂ ಸೇರಿ ವರ್ಷಕ್ಕೆ 24,000 ರೂ. ಸಂಬಳದ ಆದಾಯವಿರುವ ಕುಟುಂಬವು ತಿಂಗಳಿಗೆ 2,000 ರೂ. ತೆಗೆದಿಡಬೇಕು. ಮಳೆಗಾಲದಲ್ಲಿ ದುಡಿಮೆ ಕುಗ್ಗುವ ಕುಟುಂಬವು ಅಕ್ಟೋಬರ್‌ನಿಂದ ಮೇವರೆಗಿನ 8 ತಿಂಗಳು ತಲಾ 3,000 ರೂ. ಉಳಿಸುವುದು ಸೂಕ್ತ.

4. ಪಾಲಿಸಬೇಕಾದ ಅಂಶಗಳು
• ಸಾಲದ ಕಂತನ್ನು ನಿಗದಿಪಡಿಸುವ ಮೊದಲೇ ನಿರ್ವಹಣಾ ಮೊತ್ತವನ್ನು ಕಳೆಯಬೇಕು. ತಿಂಗಳಿಗೆ 5,000 ರೂ. ಉಳಿಸಬಲ್ಲವರ ಕಂತು 3,000 ರೂ. ಮೀರಬಾರದು.
• ಈ ಹಣ ಪ್ರತ್ಯೇಕ ಬ್ಯಾಂಕ್ ಅಥವಾ ಅಂಚೆ ಖಾತೆಯಲ್ಲಿರಲಿ.
• ಮಾಡಿನ ಕೆಲಸವನ್ನು ಏಪ್ರಿಲ್‌–ಮೇ ತಿಂಗಳಲ್ಲೇ ಮುಗಿಸಬೇಕು. ಒಂದು ಒಡೆದ ಹೆಂಚನ್ನು ಬದಲಿಸದಿದ್ದರೆ ಮುಂದೆ ಪಕಾಸಿಯನ್ನೇ ಬದಲಿಸಬೇಕಾದೀತು.
• ತೆರಿಗೆ ರಸೀದಿ, ಇ-ಸ್ವತ್ತು ನಮೂನೆಗಳನ್ನು ನೀರು ತಾಗದಂತೆ ಎತ್ತರದಲ್ಲಿ ಕಾಪಾಡಬೇಕು.

5. ಅಭ್ಯಾಸ
ಪ್ರತಿ ಕುಟುಂಬವೂ ತನ್ನ ಮನೆಯ ಮಾಡು, ಗೋಡೆ, ಬಾವಿ, ಶೌಚಾಲಯಗಳನ್ನು ಪರಿಶೀಲಿಸಿ, ಮೇಲಿನ ಎರಡು ಪಟ್ಟಿಗಳನ್ನು ಸ್ವಂತ ಅಂಕಿಗಳಿಂದ ಭರ್ತಿ ಮಾಡತಕ್ಕದ್ದು. ಸ್ವಸಹಾಯ ಸಂಘಗಳ ಸಭೆಯಲ್ಲಿ ಈ ಪಟ್ಟಿಗಳನ್ನು ಹೋಲಿಸಿ ನೋಡಿದಲ್ಲಿ ಬಿಟ್ಟುಹೋದ ಖರ್ಚುಗಳು ಗಮನಕ್ಕೆ ಬರುತ್ತವೆ.